ರೋಲ್‌ಪ್ಲೇ ಸರ್ವರ್‌ಗೆ ನಿಯಮ ಬರೆಯೋದು ಹೇಗೆ? ಕರೆಂಟ್ ಹೋದವರನ್ನು ಎಂತ ಮಾಡೋದು?

ಕಡವಾಡದವ

ನಮ್ಮದು ಫೈವ್‌ಎಂ (ಜಿಟಿಎ 5 ಆಟವನ್ನು ಸ್ವಂತ ಸರ್ವರಲ್ಲಿ ಆಡಿಸೋ ವ್ಯವಸ್ಥೆ) ಮೇಲೆ ಕನ್ನಡ ರೋಲ್‌ಪ್ಲೇ ಸರ್ವರ್, ಅಂದ್ರೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡೋದು. ಕ್ಯೂಬಿಕೋರ್ ಫ್ರೇಮ್‌ವರ್ಕ್, ಆಟದೊಳಗೆ ಮಾತಾಡೋಕೆ ಪಿಎಂಎ ವಾಯ್ಸ್. ರಾತ್ರಿ 8ರ ಮೇಲೆ 25–30 ಜನ ಇರ್ತಾರೆ, ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯವರೇ ಜಾಸ್ತಿ. ಅಡ್ಮಿನ್ 4 ಜನ. ಈಗಿರೋ ನಿಯಮಾವಳಿ ಹಳೆ ತಂಡ ಬಿಟ್ಟುಹೋದದ್ದು, ಇಂಗ್ಲಿಷಲ್ಲಿದೆ, 60ಕ್ಕೂ ಮೇಲೆ ನಿಯಮ. ಪೂರ್ತಿ ಓದಿದವರು ಯಾರೂ ಇಲ್ಲ. ಒಂದೇ ತಪ್ಪಿಗೆ ಒಬ್ಬ ಅಡ್ಮಿನ್ ಬುದ್ಧಿ ಹೇಳಿ ಬಿಡ್ತಾರೆ, ಇನ್ನೊಬ್ಬರು 3 ದಿನ ಬ್ಯಾನ್ ಹಾಕ್ತಾರೆ. ಮಳೆಗಾಲ ಬಂತು, ಕರೆಂಟ್ ಹೋಯ್ತು ಅಂತ ಸೀನ್ ಮಧ್ಯೆ ಮಾಯ ಆಗುವವರು ಬೇರೆ.

ಎಲ್ಲ ಹೊಸದಾಗಿ ಬರೆಯೋಣ ಅಂತಿದೇವೆ. ಎಷ್ಟು ನಿಯಮ ಸಾಕು, ಶಿಕ್ಷೆಯ ಲೆಕ್ಕ ಹೇಗಿರಬೇಕು, ಕಾಂಬ್ಯಾಟ್ ಲಾಗಿಂಗ್‌ಗೆ (ಸೋಲೋ ಹೊತ್ತಿಗೆ ಆಟದಿಂದ ಹೊರಗೆ ಹೋಗಿಬಿಡೋದು) ಎಂತ ಮಾಡೋದು? ಸರ್ವರ್ ನಡೆಸಿ ಗೊತ್ತಿದ್ದವರು ಬಿಡಿಸಿ ಹೇಳಿ ಮಾರಾಯ್ರೇ.

ಘಟ್ಟದ ಮೇಲಿನವ

ಪ್ರತಿ ನಿಯಮವನ್ನೂ ಎದುರಿಗಿಟ್ಟುಕೊಂಡು ಒಂದು ಪ್ರಶ್ನೆ ಕೇಳಿ: ಒಂದೇ ಕ್ಲಿಪ್ ನೋಡಿದ ಇಬ್ಬರು ಅಡ್ಮಿನ್‌ಗಳು, ಪರಸ್ಪರ ಮಾತಾಡದೆ, ಒಂದೇ ತೀರ್ಮಾನಕ್ಕೆ ಬರ್ತಾರಾ? ಬರೋದಿಲ್ಲ ಅಂದ್ರೆ ಆ ನಿಯಮ ತಿದ್ದಬೇಕು ಅಥವಾ ತೆಗೀಬೇಕು. ‘ಎಲ್ಲರೊಂದಿಗೆ ಮರ್ಯಾದೆಯಿಂದಿರಿ’, ‘ಒಳ್ಳೆಯ ರೋಲ್‌ಪ್ಲೇ ಮಾಡಿ’ ಇಂಥವೆಲ್ಲ ಸ್ವಾಗತದ ಚಾನೆಲ್‌ಗೆ ಹೋಗಲಿ. ನಿಯಮದ ಪುಟಕ್ಕೆ 12 ಧಾರಾಳ ಆಯ್ತು. ಪೊಲೀಸ್, ಆಸ್ಪತ್ರೆ, ಗ್ಯಾಂಗ್‌ಗಳಿಗೆ ಮಾತ್ರ ಬೇಕಾದದ್ದನ್ನು ಆಯಾ ಚಾನೆಲ್‌ನಲ್ಲಿ ಹಾಕಿ. ಮೀನು ಹಿಡಿಯೋ ಕೆಲಸ ಮಾಡುವವನಿಗೆ ಬ್ಯಾಂಕ್ ದರೋಡೆ ಶುರು ಮಾಡಲು ಎಷ್ಟು ಪೊಲೀಸರು ಡ್ಯೂಟಿಯಲ್ಲಿರಬೇಕು ಅನ್ನೋದು ಯಾಕೆ ಬೇಕು?

ಉದಾಹರಣೆಗೆ ಆರ್‌ಡಿಎಂ, ಅಂದ್ರೆ ಸುಮ್ಮಸುಮ್ಮನೆ ಕೊಲ್ಲೋದು. ‘ಕಾರಣವಿಲ್ಲದೆ ಕೊಲ್ಲಬಾರದು’ ಅಂತ ಬರೆದರೆ ಎಲ್ಲರ ಹತ್ತಿರವೂ ಒಂದು ಕಾರಣ ಇರುತ್ತದೆ. ‘ನನ್ನನ್ನ ದುರುಗುಟ್ಟಿ ನೋಡಿದ’ ಅನ್ನೋದೂ ಕಾರಣವೇ. ಹೀಗೆ ಬರೀರಿ:

“ಗುಂಡು ಹೊಡೆಯುವ ಮೊದಲು ಎದುರಿನವರಿಗೆ ಕೇಳುವ ದೂರದಲ್ಲಿ ನಿಂತು ಬಾಯಲ್ಲಿ ಬೇಡಿಕೆ ಹೇಳಬೇಕು. ಒಪ್ಪಿಕೊಳ್ಳಲು 5 ಸೆಕೆಂಡು ಕೊಡಬೇಕು. ಅಷ್ಟರಲ್ಲಿ ಎದುರಿನವರು ಆಯುಧ ತೆಗೆದರೆ ಅಥವಾ ಓಡಿದರೆ ಕಾಯಬೇಕಾಗಿಲ್ಲ. ಓಡುತ್ತಿರುವ ಗಾಡಿಯಿಂದ ಕೂಗಿದ್ದು ಬೇಡಿಕೆ ಅಲ್ಲ. ಒಂದು ಜಗಳದಿಂದ ಹುಟ್ಟಿದ ಹೊಡೆದಾಟದ ಹಕ್ಕು 30 ನಿಮಿಷಕ್ಕೆ ಮುಗಿಯುತ್ತದೆ.”

ಕೇಳುವ ದೂರ ಅಂದದ್ದು ಸುಮ್ಮನೆ ಅಲ್ಲ. ಪಿಎಂಎ ವಾಯ್ಸ್‌ನಲ್ಲಿ ನೀವು ಬದಲಿಸದೇ ಇದ್ದರೆ ಪಿಸುಮಾತು 3 ಮೀಟರ್, ಮಾಮೂಲಿ ಮಾತು 7, ಕೂಗು 15. ರಸ್ತೆಯ ಆಚೆ ಬದಿಯಿಂದ ಮಾಮೂಲಿ ದನಿಯಲ್ಲಿ ‘ಕೈ ಎತ್ತು’ ಅಂದ್ರೆ ಆ ಕಡೆ ಏನೂ ಕೇಳಿರೋದಿಲ್ಲ. ಆರ್‌ಡಿಎಂ ದೂರಿನ ಬಹಳಷ್ಟು ಜಗಳ ಇಲ್ಲೇ ಹುಟ್ಟೋದು: ಇವನು ಹೇಳಿದ್ದು ನಿಜ, ಅವನಿಗೆ ಕೇಳದೇ ಇದ್ದದ್ದೂ ನಿಜ.

ವಿಡಿಎಂಗೆ (ಗಾಡಿ ಹಾಯಿಸಿ ಕೊಲ್ಲೋದು) ಇನ್ನೊಂದು ತೊಡಕು. ಪಿಂಗ್ (ನೆಟ್‌ನ ವಿಳಂಬ) ಜಾಸ್ತಿ ಇದ್ದಾಗ ಡ್ರೈವರ್ ಪರದೆಯಲ್ಲಿ ಗಾಡಿ ಇನ್ನೂ ದೂರ ಇರುತ್ತದೆ, ನಡೆಯುತ್ತಿದ್ದವನ ಪರದೆಯಲ್ಲಿ ಆಗಲೇ ಹಾಯ್ದಿರುತ್ತದೆ. ಒಬ್ಬರ ಕ್ಲಿಪ್ ನೋಡಿ ವಿಡಿಎಂ ತೀರ್ಮಾನ ಮಾಡಬೇಡಿ. ಇಬ್ಬರದ್ದೂ ಬೇಕು, ಇಲ್ಲದಿದ್ದರೆ ಗುದ್ದಿದ ಮೇಲೆ ಡ್ರೈವರ್ ಎಂತ ಮಾಡಿದ ಅನ್ನೋದು ನೋಡಿ. ನಿಲ್ಲಿಸಿದನಾ, ಆಂಬುಲೆನ್ಸ್ ಕರೆದನಾ, ಅಥವಾ ರಿವರ್ಸ್ ತಗೊಂಡು ಮತ್ತೆ ಹಾಯಿಸಿದನಾ.

ಬೈತಖೋಲ್ ಬೋಟು

ಹೊಸ ಜೀವದ ನಿಯಮವನ್ನೂ ಬಿಡಿಸಿ ಬರೀಬೇಕು. ವೈದ್ಯರು ಬಂದು ಎಬ್ಬಿಸಿದ್ದು ಬೇರೆ, ಸತ್ತು ಆಸ್ಪತ್ರೆಯಲ್ಲಿ ರೀಸ್ಪಾನ್ (ಮರುಹುಟ್ಟು) ಆಗಿದ್ದು ಬೇರೆ. ಎಬ್ಬಿಸಿದರೆ ಪಾತ್ರಕ್ಕೆ ನೆನಪಿದೆ, ಗಾಯವೂ ಇದೆ. ರೀಸ್ಪಾನ್ ಆದರೆ ಸಾವಿಗೆ ಕಾರಣವಾದ ಸೀನ್ ಮರೆತುಹೋಗಿದೆ, 20 ನಿಮಿಷ ಆ ಜಾಗಕ್ಕೆ ಹೋಗುವ ಹಾಗಿಲ್ಲ. ಈ ಎರಡನ್ನೂ ಒಂದೇ ಸಾಲಲ್ಲಿ ಸೇರಿಸಿದ ಕಡೆ ದಿನಾ ಟಿಕೆಟ್ (ದೂರು).

ಮೆಟಾಗೇಮಿಂಗ್ (ಪಾತ್ರಕ್ಕೆ ಗೊತ್ತಿಲ್ಲದ್ದನ್ನು ಹೊರಗಿಂದ ತಿಳಿದು ಆಟದಲ್ಲಿ ಬಳಸೋದು) ಹೇಗೆ ಹಿಡೀತೀರಿ? ಗ್ಯಾಂಗಿನವರೆಲ್ಲ ಆಟದ ಹೊರಗೆ ಡಿಸ್ಕಾರ್ಡ್ ಆ್ಯಪ್‌ನ ಕಾಲ್‌ನಲ್ಲಿ ಇರ್ತಾರೆ ಅಂತ ಎಲ್ಲರಿಗೂ ಗೊತ್ತು, ಸಾಬೀತು ಮಾಡೋಕೆ ಆಗೋದಿಲ್ಲ.

ಅಘನಾಶಿನಿ

ಕಾಲ್‌ನಲ್ಲಿ ಇದ್ದರು ಅಂತ ಸಾಬೀತು ಮಾಡೋಕೆ ಹೋಗಲೇಬೇಡಿ. ಕಾಲ್ ಸಿಕ್ಕರೂ ‘ಮನೆ ವಿಷಯ ಮಾತಾಡ್ತಿದ್ವಿ’ ಅಂತಾರೆ. ಕೇಳಬೇಕಾದ್ದು ಒಂದೇ: ಈ ವಿಷಯ ನಿನ್ನ ಪಾತ್ರಕ್ಕೆ ಗೊತ್ತಾಗಿದ್ದು ಹೇಗೆ? ಮೂಲ ತೋರಿಸೋ ಹೊಣೆ ಮಾಹಿತಿ ಬಳಸಿದವನದ್ದು ಅಂತ ನಿಯಮದಲ್ಲೇ ಬರೆದುಬಿಡಿ. ಆಟದೊಳಗಿನ ಫೋನ್ ಕರೆ, ರೇಡಿಯೋ, ಯಾರೋ ಎದುರಿಗೆ ಬಂದು ಹೇಳಿದ್ದು, ಕಣ್ಣಾರೆ ಕಂಡದ್ದು, ಈ ನಾಲ್ಕರಲ್ಲಿ ಒಂದು ಇರಲೇಬೇಕು. ಫೋನ್ ಕರೆ ಲಾಗ್ ಆಗೋ ಹಾಗೆ ಇಟ್ಟುಕೊಂಡಿದ್ದರೆ 2 ನಿಮಿಷದ ಕೆಲಸ.

ನಮ್ಮ ಕಡೆ ಹುಡುಗರಿಗೆ ಇದನ್ನು ತಾಳಮದ್ದಲೆ ಇಟ್ಟುಕೊಂಡು ಹೇಳಿದ್ರೆ ಬೇಗ ಹತ್ತುತ್ತದೆ. ಕರ್ಣಭೇದನದಲ್ಲಿ ಕರ್ಣ ಕುಂತಿಯ ಮಗ ಅನ್ನೋದು ಅರ್ಥಧಾರಿಗೂ ಗೊತ್ತು, ಎದುರಿಗೆ ಕೂತವರಿಗೂ ಗೊತ್ತು. ಆದರೆ ಕೃಷ್ಣ ಬಾಯಿಬಿಡುವ ಮೊದಲೇ ಕರ್ಣ ‘ಧರ್ಮರಾಯ ನನ್ನ ತಮ್ಮ’ ಅಂದುಬಿಟ್ಟರೆ ಪ್ರಸಂಗ ಅಲ್ಲಿಗೇ ಮುಗೀತು. ಸ್ಟ್ರೀಮ್ ನೋಡಿ ಅಡಗುದಾಣಕ್ಕೆ ನುಗ್ಗೋನು ಮಾಡೋದೂ ಅದನ್ನೇ.

ಮೆಟಾಗೇಮಿಂಗ್‌ಗೆ ದಾರಿ ಮಾಡಿಕೊಡುವ ವ್ಯವಸ್ಥೆಯನ್ನೂ ಮುಚ್ಚಿ. ತಲೆ ಮೇಲೆ ಹೆಸರು ಕಾಣೋದು ಬಂದ್ ಮಾಡಿ, ಐಡಿ ಸಂಖ್ಯೆ ಮಾತ್ರ ಇರಲಿ, ಅದೂ ಕೀ ಒತ್ತಿ ಹಿಡಿದಾಗ. ಸತ್ತವರ ಮೈಕ್ ಆಟದಲ್ಲಿ ಬಂದ್ ಆಗಬೇಕು. ಯಾರು ಯಾವ ಕೆಲಸದಲ್ಲಿದ್ದಾರೆ ಅಂತ ತೋರಿಸೋ ಸ್ಕೋರ್‌ಬೋರ್ಡ್ ತೆಗೆದು ‘ದರೋಡೆಗೆ ಸಾಕಷ್ಟು ಪೊಲೀಸರಿದ್ದಾರೆ / ಇಲ್ಲ’ ಅಂತಷ್ಟೇ ತೋರಿಸಿ. ಪೊಲೀಸ್ 4 ಜನ ಇದ್ದಾರೆ ಅಂತ ಕಂಡರೆ ನಾಲ್ವರೂ ಎಲ್ಲಿದ್ದಾರೆ ಅಂತ ಲೆಕ್ಕ ಹಾಕಿಯೇ ಹೊರಡ್ತಾರೆ. ಸ್ಟ್ರೀಮ್ ಮಾಡುವವರು ಪ್ರಸಾರಕ್ಕೆ ಕೆಲವು ನಿಮಿಷದ ವಿಳಂಬ ಇಟ್ಟುಕೊಳ್ಳಲಿ.

ಪವರ್‌ಗೇಮಿಂಗ್‌ಗೆ (ಎದುರಿನವರ ಮೇಲೆ ಫಲಿತಾಂಶ ಹೇರೋದು) ಒಂದೇ ಸಾಲು ಸಾಕು: ಪಾತ್ರ ಮಾಡೋದನ್ನು ಬರೆದು ತೋರಿಸೋ /ಮಿ ಕಮಾಂಡಲ್ಲಿ ನೀವು ಮಾಡುವ ಪ್ರಯತ್ನ ಬರೀಬಹುದು, ಎದುರಿನವರಿಗೆ ಆದ ಫಲಿತಾಂಶ ಬರೆಯುವ ಹಾಗಿಲ್ಲ. ‘ಕೈ ಕಟ್ಟಲು ನೋಡುತ್ತಾನೆ’ ಸರಿ, ‘ಕೈ ಕಟ್ಟಿದ, ಬಿಡಿಸಿಕೊಳ್ಳಲು ಆಗದು’ ತಪ್ಪು.

ಲಾಗ್ ನೋಡಿ

ಕಾಂಬ್ಯಾಟ್ ಲಾಗಿಂಗ್ ವಿಷಯ ನಾನು ಹೇಳ್ತೆ, ಸ್ವಲ್ಪ ಉದ್ದ ಆಗ್ತದೆ.

ಟಿಎಕ್ಸ್‌ಅಡ್ಮಿನ್‌ನ (ಫೈವ್‌ಎಂ ಸರ್ವರ್ ನಿಭಾಯಿಸೋ ಪ್ಯಾನಲ್) ಸರ್ವರ್ ಲಾಗ್‌ನಲ್ಲಿ ಆಟಗಾರ ಹೊರಗೆ ಹೋದ ಸಾಲಿನ ಜೊತೆ ಕಾರಣ ಬರುತ್ತದೆ. ಮುಖ್ಯವಾಗಿ 3 ಬಗೆ. ‘ಎಕ್ಸಿಟಿಂಗ್’ ಅಂದ್ರೆ ಆಟವನ್ನು ತಾನೇ ಮುಚ್ಚಿದ್ದು, ಆಲ್ಟ್ ಎಫ್4 ಒತ್ತಿದರೂ ಇದೇ. ‘ಗೇಮ್ ಕ್ರ್ಯಾಶ್ಡ್’ ಅಂದ್ರೆ ಆಟವೇ ಬಿದ್ದದ್ದು. ‘ಟೈಮ್ಡ್ ಔಟ್’ ಅಂದ್ರೆ ಆ ಕಡೆಯಿಂದ ಡೇಟಾ ಬರೋದು ನಿಂತುಹೋಯ್ತು. ಕರೆಂಟ್ ಹೋದರೆ ಬರೋದು ಮೂರನೆಯದು. ಯಾರಾದ್ರೂ ‘ಕರೆಂಟ್ ಹೋಯ್ತು’ ಅಂದು, ಲಾಗ್‌ನಲ್ಲಿ ‘ಎಕ್ಸಿಟಿಂಗ್’ ಇದ್ರೆ ಅಲ್ಲಿಗೆ ವಿಚಾರಣೆ ಮುಗೀತು.

ಆದರೆ ಉಲ್ಟಾ ಹೇಳೋಕೆ ಬರೋದಿಲ್ಲ. ನೆಟ್ ಕೇಬಲ್ ಕಿತ್ತರೂ ಟೈಮ್ಡ್ ಔಟ್, ಟಾಸ್ಕ್ ಮ್ಯಾನೇಜರ್‌ನಿಂದ ಆಟ ಕೊಂದರೂ ಟೈಮ್ಡ್ ಔಟ್. ಅಂದ್ರೆ ಸುಳ್ಳು ಹೇಳೋಕೆ ಕಲಿತವನಿಗೂ, ಹೆಸ್ಕಾಂ ಲೈನ್ ಮೇಲೆ ಮರ ಬಿದ್ದವನಿಗೂ ಲಾಗ್ ಒಂದೇ ಥರ ಕಾಣ್ತದೆ. ಇಲ್ಲಿ ಅಡ್ಮಿನ್ ‘ನೀನು ಸುಳ್ಳು ಹೇಳ್ತಿದೀಯ’ ಅಂತ ಶುರು ಮಾಡಿದ್ರೆ ಗೆಲ್ಲೋಕೆ ಆಗೋದಿಲ್ಲ, ಆಟಗಾರನೂ ಹೋಗ್ತಾನೆ.

ಅದಕ್ಕೆ ಸೀನ್‌ನ ಫಲಿತಾಂಶವನ್ನೂ ಶಿಕ್ಷೆಯನ್ನೂ ಬೇರೆ ಬೇರೆ ಮಾಡಿ. ನಿಯಮ ಹೀಗೆ:

“ಸೀನ್ ನಡುವೆ ಸಂಪರ್ಕ ತಪ್ಪಿದರೆ 15 ನಿಮಿಷದೊಳಗೆ ಮರಳಿ ಬಂದು ಸೀನ್ ಮುಂದುವರಿಸಬೇಕು. ಬರಲು ಆಗದಿದ್ದರೆ, ಕಾರಣ ಏನೇ ಇರಲಿ, ಆ ಸೀನ್‌ನಲ್ಲಿ ಶರಣಾದಂತೆ ಲೆಕ್ಕ. ಪಣದಲ್ಲಿದ್ದ ಮಾಲು ಎದುರಿನವರಿಗೆ ಹೋಗುತ್ತದೆ. ಇದು ಶಿಕ್ಷೆಯಲ್ಲ, ದಾಖಲೆಗೆ ಸೇರುವುದಿಲ್ಲ.”

ಇದರಿಂದ ಕೇಬಲ್ ಕಿತ್ತು ಲಾಭ ಇಲ್ಲ. ಕರೆಂಟ್ ನಿಜವಾಗಿ ಹೋದವನ ಮೇಲೆ ಕಳಂಕವೂ ಇಲ್ಲ, ಒಂದು ಸೀನ್ ಸೋತ ಅಷ್ಟೇ. ಶಿಕ್ಷೆ ಬರೋದು ‘ಎಕ್ಸಿಟಿಂಗ್’ ಕಂಡಾಗ, ಇಲ್ಲಾ 14 ದಿನದಲ್ಲಿ 3 ಸಲ ಸೀನ್ ನಡುವೆಯೇ ಟೈಮ್ಡ್ ಔಟ್ ಆದಾಗ. 3 ಸಲ ಅಂದ ಕೂಡಲೇ ಬ್ಯಾನ್ ಅಲ್ಲ. ಮುಂದಿನ 2 ವಾರ ದರೋಡೆ, ಅಪಹರಣ ಇಂಥ ಸೀನ್‌ಗೆ ಸೇರುವ ಹಾಗಿಲ್ಲ ಅಂತ. ಲೈನ್ ಸರಿ ಇಲ್ಲದವನು ಟ್ಯಾಕ್ಸಿ ಓಡಿಸಿಕೊಂಡು ಇರಲಿ.

ಇನ್ನೊಂದು ಗುರುತು ಇದೆ. ಶಿರಸಿ ಪೇಟೆಗೆ ಕರೆಂಟ್ ಹೋದರೆ ಶಿರಸಿಯ 3–4 ಜನ ಒಂದೇ ನಿಮಿಷದಲ್ಲಿ ಟೈಮ್ಡ್ ಔಟ್ ಆಗಿರ್ತಾರೆ. ಡಿಸ್ಕಾರ್ಡಲ್ಲಿ ತಾಲ್ಲೂಕಿನ ರೋಲ್ (ಹೆಸರಿನ ಜೊತೆಯ ಗುರುತು) ಅವರೇ ಆರಿಸಿಕೊಳ್ಳುವ ಹಾಗೆ ಇಟ್ಟರೆ ಇದು ಕಣ್ಣಿಗೆ ಬೀಳ್ತದೆ. ತಾಲ್ಲೂಕಿಗಿಂತ ಹೆಚ್ಚಿನ ವಿಳಾಸ ಕೇಳಬೇಡಿ.

ಹಾಂ, ನಿಗದಿತ ರೀಸ್ಟಾರ್ಟ್ ಇದ್ದರೆ ಟಿಎಕ್ಸ್‌ಅಡ್ಮಿನ್ ಅರ್ಧ ಗಂಟೆ ಮೊದಲಿಂದ ಎಚ್ಚರಿಕೆ ಕೊಡ್ತಾ ಹೋಗ್ತದೆ. ಮೊದಲ ಎಚ್ಚರಿಕೆ ಬಂದ ಮೇಲೆ ಹೊಸ ದರೋಡೆ ಶುರು ಮಾಡುವ ಹಾಗಿಲ್ಲ ಅಂತ ಸೇರಿಸಿ. ಇಲ್ಲದಿದ್ದರೆ ರೀಸ್ಟಾರ್ಟ್‌ಗೆ 5 ನಿಮಿಷ ಇರುವಾಗ ಬ್ಯಾಂಕಿಗೆ ನುಗ್ಗೋದೇ ಒಂದು ಉಪಾಯ ಆಗ್ತದೆ.

ಬನವಾಸಿ ಬೈಕು

15 ನಿಮಿಷ ಪೇಟೆಯವರ ಲೆಕ್ಕ. ಹಳ್ಳಿ ಕಡೆ ಜುಲೈಯಲ್ಲಿ ಕರೆಂಟ್ ಹೋದರೆ ಮರುದಿನ ಬಂದರೂ ಪುಣ್ಯ. ಟವರ್ ಬ್ಯಾಟರಿಯೂ ಇಳಿದು ಮೊಬೈಲ್ ಸಿಗ್ನಲ್ ಕೂಡ ಇರೋದಿಲ್ಲ. ಮೆಸೇಜ್ ಹಾಕಿ ಅಂದ್ರೆ ಎಲ್ಲಿಂದ ಹಾಕೋದು?

ಲಾಗ್ ನೋಡಿ

ಮೆಸೇಜ್ ಹಾಕೋದು ಕಡ್ಡಾಯ ಅಂತ ನಾನು ಬರೆದೇ ಇಲ್ಲವಲ್ಲ. 15 ನಿಮಿಷ ಇರೋದು ಎದುರಿಗೆ ಕಾಯ್ತಾ ನಿಂತವರಿಗಾಗಿ. 6 ಜನ ಗನ್ ಹಿಡಕೊಂಡು ಒಂದು ಗಂಟೆ ಕಾಯೋಕೆ ಆಗೋದಿಲ್ಲ. ಸೀನ್ ಮುಗಿಸಿ ಅವರು ಹೋಗ್ತಾರೆ, ನೀವು ಮರುದಿನ ಬಂದರೂ ದಾಖಲೆ ಶುದ್ಧ.

ಪದೇ ಪದೇ ಹೋಗುವ ಊರಲ್ಲಿ ರೌಟರ್‌ಗೂ ಫೈಬರ್ ಬಾಕ್ಸ್‌ಗೂ 12 ವೋಲ್ಟ್‌ನ ಮಿನಿ ಯುಪಿಎಸ್ ಹಾಕಿಕೊಳ್ಳೋದು ಒಳ್ಳೇದು. ಲ್ಯಾಪ್‌ಟಾಪ್ ಇದ್ದವರಿಗೆ ಅಷ್ಟು ಸಾಕು, ಸೀನ್ ಮುಗಿಸಿಕೊಂಡು ಹೋಗಬಹುದು. ಡೆಸ್ಕ್‌ಟಾಪ್‌ಗೆ ಬೇರೆ ಯುಪಿಎಸ್ ಬೇಕು. ಮತ್ತೆ, ಸರ್ವರನ್ನೇ ಯಾರದೋ ಮನೆಯ ಕಂಪ್ಯೂಟರಲ್ಲಿ ಇಟ್ಟಿದ್ದರೆ ಈ ಚರ್ಚೆಗೇ ಅರ್ಥ ಇಲ್ಲ. ಮುಂಬೈ ಡೇಟಾ ಸೆಂಟರ್‌ನ ವಿಪಿಎಸ್ (ಬಾಡಿಗೆ ಸರ್ವರ್) ತಗೊಳ್ಳಿ.

ಕಡವಾಡದವ

ಫಲಿತಾಂಶ ಬೇರೆ, ಶಿಕ್ಷೆ ಬೇರೆ. ಇದು ಹೊಳೆದೇ ಇರಲಿಲ್ಲ. ಶಿಕ್ಷೆಯ ಲೆಕ್ಕ?

ಘಟ್ಟದ ಮೇಲಿನವ

ಅಂಕ ಇಟ್ಟುಕೊಳ್ಳಿ. ಸಣ್ಣ ಫೇಲ್‌ಆರ್‌ಪಿಗೆ (ಪಾತ್ರಕ್ಕೆ ಒಪ್ಪದ ನಡೆ) 1. ಆರ್‌ಡಿಎಂ, ವಿಡಿಎಂ, ಮೆಟಾಗೇಮಿಂಗ್, ಬೇಕಂತಲೇ ಲಾಗ್ ಔಟ್ ಇವುಕ್ಕೆ 2. ವಿಚಾರಣೆಯಲ್ಲಿ ಕತ್ತರಿಸಿದ ಕ್ಲಿಪ್ ಕೊಟ್ಟು ಸುಳ್ಳು ಹೇಳಿದ್ರೆ 3. ಒಟ್ಟು 3 ಆದರೆ 1 ದಿನ ಬ್ಯಾನ್, 5 ಆದರೆ 3 ದಿನ, 7 ಆದರೆ ಒಂದು ವಾರ, 9 ಆದರೆ ಕಾಯಂ. ಪ್ರತಿ ಅಂಕವೂ ಬಿದ್ದ ದಿನದಿಂದ 60 ದಿನಕ್ಕೆ ಅಳಿಯಬೇಕು. ಅಳಿಯೋದೇ ಇಲ್ಲ ಅಂದ್ರೆ ವರ್ಷಗಟ್ಟಲೆ ಆಡುವ ಹಳಬರೇ ಮೊದಲು ಬ್ಯಾನ್ ಆಗೋದು. ಹೆಚ್ಚು ಆಡುವವನಿಗೆ ಹೆಚ್ಚು ಅಂಕ ಬೀಳೋದು ಸಹಜ.

ಚೀಟ್ ಮೆನು, ಇನ್ನೊಬ್ಬರ ಫೋನ್ ನಂಬರ್ ಅಥವಾ ಫೋಟೋ ಹಂಚೋದು, ಜಾತಿ ಧರ್ಮದ ಬೈಗುಳ, ಇವುಕ್ಕೆ ಅಂಕದ ಲೆಕ್ಕ ಬೇಡ, ನೇರ ಬಾಗಿಲು.

ಒಂದು ವಾರಕ್ಕಿಂತ ಉದ್ದ, ಕಾಯಂಗಿಂತ ಕಡಿಮೆ, ಅಂಥ ಬ್ಯಾನ್‌ನಲ್ಲಿ ನನಗೆ ನಂಬಿಕೆ ಇಲ್ಲ. 20 ದಿನ ಬ್ಯಾನ್ ಆದವನು ಕಾಯೋದಿಲ್ಲ. ಬೇರೆ ಖಾತೆ ಮಾಡ್ತಾನೆ ಅಥವಾ ಬೇರೆ ಸರ್ವರ್‌ಗೆ ಹೋಗ್ತಾನೆ. ಕಾಯಂ ಬ್ಯಾನ್‌ಗೆ 30 ದಿನದ ಮೇಲೆ ಮೇಲ್ಮನವಿ ಅವಕಾಶ ಇಟ್ಟರೆ ಉದ್ದದ ಬ್ಯಾನ್ ಮಾಡೋ ಕೆಲಸ ಅದೇ ಮಾಡ್ತದೆ.

ಇನ್ನು, ನಿಯಮ ಮುರಿದವನನ್ನು ಆಟದೊಳಗಿನ ಜೈಲಿಗೆ ಹಾಕಬೇಡಿ. ಜೈಲು ಪಾತ್ರದ ಅಪರಾಧಕ್ಕೆ. ಆಟಗಾರನ ತಪ್ಪಿಗೆ ಪಾತ್ರವನ್ನು ಶಿಕ್ಷಿಸಿದ್ರೆ ಹೊರಗೆ ಬಂದು ‘ಪೊಲೀಸರ ಮೇಲೆ ಸೇಡು’ ಅಂತ ಇನ್ನೊಂದು ಕಥೆ ಶುರು ಮಾಡ್ತಾನೆ.

ಅಘನಾಶಿನಿ

ಎಚ್ಚರಿಕೆಯನ್ನು ಚಾಟ್‌ನಲ್ಲಿ ಬರೆಯೋ ಬದಲು ಟಿಎಕ್ಸ್‌ಅಡ್ಮಿನ್‌ನ ವಾರ್ನ್ ಬಳಸಿ. ಪರದೆ ತುಂಬ ಬರ್ತದೆ, ಸ್ಪೇಸ್ ಕೀ ಒತ್ತಿ ಹಿಡಿದರೆ ಮಾತ್ರ ಹೋಗ್ತದೆ. ‘ನಾನು ನೋಡೇ ಇಲ್ಲ’ ಅನ್ನೋ ಮಾತಿಗೆ ಜಾಗ ಇರೋದಿಲ್ಲ. ಆಟಗಾರನ ಇತಿಹಾಸದಲ್ಲೂ ಕೂತಿರ್ತದೆ. ಗುಂಡಿನ ಚಕಮಕಿ ನಡುವೆ ಮಾತ್ರ ವಾರ್ನ್ ಹಾಕಬೇಡಿ, ಪರದೆ ಮುಚ್ಚಿ ಅವನು ಸಾಯ್ತಾನೆ, ಆಮೇಲೆ ಅದೇ ಹೊಸ ದೂರು.

ಕಾರಣ ಬರೆಯುವಾಗ ಒಂದೇ ಮಾದರಿ ಇರಲಿ. ‘ನಿಯಮ 3, ಟಿಕೆಟ್ 214, 2 ಅಂಕ, ಕ್ಲಿಪ್ 1:40’. ‘ಆರ್‌ಡಿಎಂ ಮಾಡಿದ್ದಕ್ಕೆ’ ಅಂತ ಮಾತ್ರ ಬರೆದಿಟ್ಟರೆ ಎರಡು ತಿಂಗಳ ಮೇಲೆ ಮೇಲ್ಮನವಿ ಬಂದಾಗ ಯಾರಿಗೂ ನೆನಪಿರೋದಿಲ್ಲ. ಡಿಸ್ಕಾರ್ಡ್ ಆಡಿಟ್ ಲಾಗ್ ನಂಬಿ ಕೂರಬೇಡಿ, 45 ದಿನದ್ದು ಮಾತ್ರ ಅಲ್ಲಿರೋದು. ಅಂಕದ ಲೆಕ್ಕವನ್ನು ಬೇರೆ ಶೀಟಲ್ಲಿ ಇಡಿ, ಟಿಕೆಟ್ ಮುಚ್ಚುವ ಮೊದಲು ಅದರ ಪ್ರತಿ ತೆಗೆದಿಡಿ.

ಬೈತಖೋಲ್ ಬೋಟು

ಸಾಕ್ಷಿ ವಿಷಯ ಸೇರಿಸ್ತೆ. ಕ್ಲಿಪ್ ಘಟನೆಗೆ 2 ನಿಮಿಷ ಮೊದಲಿಂದ ಬೇಕು, ಶಬ್ದ ಸಮೇತ. 10 ಸೆಕೆಂಡಿನ ಕ್ಲಿಪ್ ಬಂದರೆ ತಿರಸ್ಕರಿಸಿ, ಅದರಲ್ಲಿ ಕಾಣೋದು ಗುಂಡು ಮಾತ್ರ, ಬೇಡಿಕೆ ಕಾಣೋದಿಲ್ಲ. ಪರದೆ ರೆಕಾರ್ಡ್ ಮಾಡೋ ಓಬಿಎಸ್‌ನ ರಿಪ್ಲೇ ಬಫರ್ 5 ನಿಮಿಷಕ್ಕೆ ಇಟ್ಟುಕೊಂಡರೆ ಎಲ್ಲ ರೆಕಾರ್ಡ್ ಮಾಡಬೇಕಾದ್ದಿಲ್ಲ, ಜಗಳ ಆದ ಮೇಲೆ ಹಾಟ್‌ಕೀ ಒತ್ತಿದರೆ ಹಿಂದಿನ 5 ನಿಮಿಷ ಸೇವ್ ಆಗ್ತದೆ.

ಗಾತ್ರ ನೋಡಿ: 6,000 ಕೆಬಿಪಿಎಸ್‌ನಲ್ಲಿ ನಿಮಿಷಕ್ಕೆ 45 ಎಂಬಿ, 5 ನಿಮಿಷಕ್ಕೆ 225 ಎಂಬಿ. ಅಪ್‌ಲೋಡ್ 2 ಎಂಬಿಪಿಎಸ್ ಇರುವವನಿಗೆ 15 ನಿಮಿಷ ಬೇಕು. 720ಪಿ, 2,500 ಕೆಬಿಪಿಎಸ್‌ಗೆ ಇಳಿಸಿದರೆ ಅದೇ ಕ್ಲಿಪ್ 94 ಎಂಬಿ ಆಸುಪಾಸು, ಯಾರು ಯಾರಿಗೆ ಹೊಡೆದರು ಅಂತ ಧಾರಾಳ ಕಾಣ್ತದೆ. ಡಿಸ್ಕಾರ್ಡಲ್ಲಿ ಪುಕ್ಕಟೆ ಖಾತೆಗೆ 10 ಎಂಬಿ ಮಿತಿ, ಹಾಗಾಗಿ ಯೂಟ್ಯೂಬ್‌ಗೆ ಅನ್‌ಲಿಸ್ಟೆಡ್ ಹಾಕಿ ಲಿಂಕ್ ಕೊಡಲಿ. ದೂರು ಕೊಡೋಕೆ 48 ಗಂಟೆ ಗಡುವು. ಅದಕ್ಕಿಂತ ಕಡಿಮೆ ಇಟ್ಟರೆ ನಿಧಾನ ನೆಟ್ ಇದ್ದವನಿಗೆ ಅನ್ಯಾಯ.

ದೂರು ಕೊಡುವ ಮೊದಲು ಸೀನ್ ಮುಗಿಸಬೇಕು. ನಡುವೆ ನಿಂತು ‘ಇದು ಆರ್‌ಡಿಎಂ, ಟಿಕೆಟ್ ಹಾಕ್ತೆ’ ಅಂತ ಕೂಗೋನಿಗೂ 1 ಅಂಕ.

ಲಾಗ್ ನೋಡಿ

ಈಗ ಯಾರೂ ಬಾಯಿಬಿಡದ ವಿಷಯ, ಅಡ್ಮಿನ್‌ಗಳು. ಚೀಟರ್ ಒಬ್ಬ ಬಂದರೆ ಆ ಸಂಜೆ ಹಾಳು. ಪಕ್ಷಪಾತದ ಅಡ್ಮಿನ್ ಇದ್ರೆ ಸರ್ವರೇ ಖಾಲಿ.

ನಿಮ್ಮ 4 ಅಡ್ಮಿನ್‌ಗಳೂ ಆಡುವವರೇ ಅಲ್ದಾ? ಹಾಗಾದ್ರೆ ತಾನಿದ್ದ ಸೀನ್, ತನ್ನ ಗ್ಯಾಂಗ್ ಇದ್ದ ಸೀನ್‌ನ ಟಿಕೆಟ್ ಮುಟ್ಟುವ ಹಾಗಿಲ್ಲ. 3 ದಿನ ಮತ್ತು ಮೇಲಿನ ಬ್ಯಾನ್‌ಗೆ ಇಬ್ಬರ ಸಹಿ. ಮೇಲ್ಮನವಿ ಆ ಇಬ್ಬರನ್ನು ಬಿಟ್ಟು ಉಳಿದವರಲ್ಲಿ ಒಬ್ಬರಿಗೆ. ನಾಲ್ವರೂ ಒಂದೇ ಗ್ಯಾಂಗಲ್ಲಿ ಇದ್ದರೆ ಈ ಲೆಕ್ಕ ನಡೆಯೋದಿಲ್ಲ, ಮೊದಲು ಅದನ್ನು ಬಿಡಿಸಿ.

ಟಿಎಕ್ಸ್‌ಅಡ್ಮಿನ್‌ನಲ್ಲಿ ಎಲ್ಲರಿಗೂ ‘ಎಲ್ಲ ಅನುಮತಿ’ ಟಿಕ್ ಮಾಡಿಬಿಡ್ತಾರೆ, ಅದು ಸಲ್ಲ. ಹೊಸ ಅಡ್ಮಿನ್‌ಗೆ ವಾರ್ನ್, ಕಿಕ್ ಸಾಕು. ಬ್ಯಾನ್ ಒಂದು ತಿಂಗಳ ಮೇಲೆ. ಕನ್ಸೋಲ್ ಮತ್ತು ಫೈಲ್ ಮುಟ್ಟೋ ಅನುಮತಿ ಒಬ್ಬಿಬ್ಬರಿಗೆ ಮಾತ್ರ. ಸ್ಪೆಕ್ಟೇಟ್ ಬಗ್ಗೆ ಜಾಸ್ತಿ ಹುಷಾರು. ಯಾರ ಹಿಂದೆ ಬೇಕಾದ್ರೂ ಕಾಣದೆ ನಿಂತು ನೋಡಬಹುದು, ಅಂದ್ರೆ ಅತಿ ಸುಲಭದ ಮೆಟಾಗೇಮಿಂಗ್ ಅಡ್ಮಿನ್ ಕೈಯಲ್ಲೇ ಇದೆ. ಟಿಕೆಟ್ ಸಂಖ್ಯೆ ಇಲ್ಲದೆ ಸ್ಪೆಕ್ಟೇಟ್ ಬೇಡ, ವಾರಕ್ಕೊಮ್ಮೆ ಅಡ್ಮಿನ್ ಲಾಗ್ ತೆಗೆದು ಟಿಕೆಟ್‌ಗಳ ಜೊತೆ ಹೊಂದಿಸಿ ನೋಡಿ. ಹಣ, ಗನ್ ಕೊಡುವ ಕಮಾಂಡ್‌ಗಳೂ ಹಾಗೇ.

ಲಾಗ್‌ಗಳನ್ನು ಡಿಸ್ಕಾರ್ಡ್‌ಗೆ ಕಳಿಸುವ ವೆಬ್‌ಹುಕ್ ವಿಳಾಸ ಕ್ಲೈಂಟ್ ಕಡೆಯ ಸ್ಕ್ರಿಪ್ಟಲ್ಲಿ ಇದ್ದರೆ ಇವತ್ತೇ ತೆಗೀರಿ. ಆಟಗಾರನ ಕಂಪ್ಯೂಟರ್‌ಗೆ ಇಳಿಯುವ ಫೈಲ್ ಅದು, ತೆರೆದು ಓದೋಕೆ ದೊಡ್ಡ ವಿದ್ಯೆ ಬೇಡ. ವಿಳಾಸ ಸಿಕ್ಕರೆ ನಿಮ್ಮ ಲಾಗ್ ಚಾನೆಲ್‌ನಲ್ಲಿ ಅವರಿಗೆ ಬೇಕಾದ್ದು ಬರೀತಾರೆ, ಅಳಿಸಲೂಬಹುದು. ಸರ್ವರ್ ಕಡೆಯ ಫೈಲಲ್ಲಿ ಮಾತ್ರ ಇಡಿ, ಹಳೇ ವೆಬ್‌ಹುಕ್ ಅಳಿಸಿ ಹೊಸದು ಮಾಡಿ.

ಬೇರೆ ಖಾತೆಯಿಂದ ಮರಳಿ ಬರುವವರಿಗೆ: ಬ್ಯಾನ್ ಹಾಕುವಾಗ ರಾಕ್‌ಸ್ಟಾರ್ ಲೈಸೆನ್ಸ್, ಡಿಸ್ಕಾರ್ಡ್, ಜೊತೆಗೆ ಯಂತ್ರದ ಗುರುತುಗಳೂ ಸೇರ್ತವೆ. ಸೈಬರ್ ಕೆಫೆಯ ಒಂದೇ ಕಂಪ್ಯೂಟರ್ ಅಥವಾ ಅಣ್ಣ ತಮ್ಮ ಒಂದೇ ಕಂಪ್ಯೂಟರಲ್ಲಿ ಆಡೋ ಮನೆ ಇದ್ದರೆ ಒಬ್ಬನ ಬ್ಯಾನ್ ಇನ್ನೊಬ್ಬನಿಗೂ ತಟ್ಟುತ್ತದೆ. ಸರ್ವರ್ ಸೇರೋ ಅರ್ಜಿಯಲ್ಲೇ ‘ಈ ಕಂಪ್ಯೂಟರ್‌ನಿಂದ ಬೇರೆ ಯಾರು ಆಡ್ತಾರೆ’ ಅಂತ ಕೇಳಿಟ್ಟುಕೊಳ್ಳಿ.

ಬನವಾಸಿ ಬೈಕು

ಸಣ್ಣ ಹುಡುಗರ ವಿಷಯ? ಧ್ವನಿ ಕೇಳಿದ್ರೇ ಗೊತ್ತಾಗ್ತದೆ ಎಂಟನೇ ಕ್ಲಾಸು ಅಂತ. ಆಧಾರ್ ಕೇಳೋದು ಒಳ್ಳೇದಲ್ವಾ?

ಅಘನಾಶಿನಿ

ಆಧಾರ್ ಕೇಳಲೇಬೇಡ ತಮಾ. ಹವ್ಯಾಸಕ್ಕೆ ನಡೆಸೋ ಸರ್ವರ್‌ನ ಡಿಸ್ಕಾರ್ಡ್ ಟಿಕೆಟಲ್ಲಿ 50 ಜನರ ಆಧಾರ್ ಫೋಟೋ ಇದ್ರೆ, ಒಬ್ಬ ಅಡ್ಮಿನ್ ಖಾತೆ ಹ್ಯಾಕ್ ಆದ ದಿನ ಅಷ್ಟೂ ಹೊರಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ಇಲ್ಲದ ಮಾಹಿತಿಯನ್ನು ಕಾಯುವ ಕಷ್ಟವೂ ಇಲ್ಲ.

ಜಿಟಿಎ 5 ದೊಡ್ಡವರ ಆಟ. ಸರ್ವರ್ 18+ ಅಂತ ಬರೀರಿ, ವೈಟ್‌ಲಿಸ್ಟ್‌ಗೆ (ಒಳಗೆ ಬಿಡುವವರ ಪಟ್ಟಿ) 10 ನಿಮಿಷದ ವಾಯ್ಸ್ ಸಂದರ್ಶನ ಇಡಿ. ಅನುಮಾನ ಬಂದ್ರೆ ವಯಸ್ಸಿನ ಮೇಲೆ ವಾದ ಮಾಡದೆ ಅರ್ಜಿ ತಡೆಹಿಡೀರಿ. ಲೈಂಗಿಕ ಸೀನ್‌ಗಳು ಪೂರ್ತಿ ನಿಷೇಧ, ‘ಇಬ್ಬರೂ ಒಪ್ಪಿದ್ರೆ’ ಅನ್ನೋ ಬಾಲ ಬೇಡ. ಚಿತ್ರಹಿಂಸೆ, ಅಪಹರಣದಂಥ ಸೀನ್‌ಗೆ ಎದುರಿನವರು ಬೇಡ ಅಂದ ಕೂಡಲೇ ‘ಕತ್ತಲಾಯಿತು’ ಅಂತ ದಾಟಿಸಬೇಕು, ಕಾರಣ ಕೇಳುವ ಹಾಗಿಲ್ಲ.

ಸಂದರ್ಶನದಲ್ಲಿ ನಿಯಮ ಬಾಯಿಪಾಠ ಕೇಳಬೇಡಿ. ಸನ್ನಿವೇಶ ಕೊಡಿ: ‘ನಿನ್ನ ಗೆಳೆಯನನ್ನು ಯಾರೋ ಗೋದಾಮಿನಲ್ಲಿ ಕಟ್ಟಿಹಾಕಿದ್ದಾರೆ ಅಂತ ಅವನೇ ವಾಟ್ಸಾಪ್ ಮಾಡಿದ. ನಿನ್ನ ಪಾತ್ರ ಎಂತ ಮಾಡ್ತದೆ?’ ‘ಹೋಗಿ ಬಿಡಿಸ್ತೇನೆ’ ಅಂದವನು ಇನ್ನೊಂದ್ಸಲ ಓದಿ ಬರಲಿ. ‘ನನ್ನ ಪಾತ್ರಕ್ಕೆ ಗೊತ್ತೇ ಇಲ್ಲ’ ಅಂದವನು ಒಳಗೆ. ಪ್ರಶ್ನೆಗಳನ್ನು ತಿಂಗಳಿಗೊಮ್ಮೆ ಬದಲಿಸಿ, ಉತ್ತರ ಹಂಚಿಕೊಳ್ಳದೇ ಇರೋದಿಲ್ಲ ಅವರು.

ಮತ್ತೊಂದು ನಮ್ಮ ಜಿಲ್ಲೆಗೇ ಬೇಕಾದ ನಿಯಮ. ಕೊಂಕಣಿ, ಹವ್ಯಕ ಕನ್ನಡ, ನವಾಯತಿ ಎಲ್ಲ ಕೇಳಿಬರೋ ಸರ್ವರ್ ಇದು. ಯಾವ ಭಾಷೆಯಲ್ಲಿ ಬೇಕಾದ್ರೂ ಆಡಲಿ, ಎದುರಿನವರಿಗೆ ತಿಳಿಯದಿದ್ರೆ ಬೇಡಿಕೆಯನ್ನು ಮಾತ್ರ ಕನ್ನಡದಲ್ಲಿ ಹೇಳಬೇಕು. ಇನ್ನೊಬ್ಬರ ಮಾತಿನ ರಾಗ ಅಣಕಿಸೋದು ‘ಪಾತ್ರ ಮಾಡಿದ್ದು’ ಅಂತ ಬಚಾವಾಗೋಕೆ ಬಿಡಬೇಡಿ. ನಿಜವಾದ ರಾಜಕಾರಣಿ, ಅಧಿಕಾರಿ, ದೇವಸ್ಥಾನ, ಮಸೀದಿ ಜಗಳ ಆಟಕ್ಕೆ ಬರೋದೇ ಬೇಡ. ಕಾರವಾರದ ನೌಕಾನೆಲೆ, ಕೈಗಾ ಸ್ಥಾವರ ಇಂಥವನ್ನು ಮ್ಯಾಪಲ್ಲಿ ಕಟ್ಟುವ ಉಮೇದು ಯಾರಿಗಾದ್ರೂ ಬಂದರೆ ಅಲ್ಲೇ ನಿಲ್ಲಿಸಿ.

ಬೈತಖೋಲ್ ಬೋಟು

ದುಡ್ಡಿನ ವಿಷಯ ಎರಡೇ ಮಾತು. ಫೈವ್‌ಎಂ ನಡೆಸೋ ಸಿಎಫ್‌ಎಕ್ಸ್ ತಂಡ 2023ರ ಆಗಸ್ಟ್‌ನಿಂದ ರಾಕ್‌ಸ್ಟಾರ್ ಕೈಯಲ್ಲಿದೆ. ರಾಕ್‌ಸ್ಟಾರ್ 2022ರ ನವೆಂಬರ್‌ನಲ್ಲೇ ರೋಲ್‌ಪ್ಲೇ ಸರ್ವರ್‌ಗಳಿಗೆ ಹೇಳಿದೆ: ಲೂಟ್ ಬಾಕ್ಸ್ ಮಾರಾಟ, ಆಟದ ಹಣದ ಮಾರಾಟ, ಕ್ರಿಪ್ಟೋ, ನಿಜ ಜಗತ್ತಿನ ಬ್ರ್ಯಾಂಡ್‌ಗಳ ಬಳಕೆ ಇವೆಲ್ಲ ಸಲ್ಲ. ಹಾಗಾಗಿ ಯುಪಿಐ ನಂಬರ್ ಹಾಕಿ ‘500ಕ್ಕೆ 10 ಲಕ್ಷ ಗೇಮ್ ಕ್ಯಾಶ್’ ಅನ್ನೋ ವ್ಯಾಪಾರ ಬೇಡ. ಆಟದ ಕ್ಯಾಸಿನೋಗೆ ನಿಜವಾದ ದುಡ್ಡು ತಾಗಿಸಿದ್ರೆ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಅಡ್ಡ ಬರ್ತದೆ, ಹಣ ಕಟ್ಟಿ ಆಡೋದನ್ನೇ ಅದು ನಿಷೇಧಿಸಿದೆ. ದುಡ್ಡು ಕೊಟ್ಟವನಿಗೆ ಸರತಿಯಲ್ಲಿ ಮುಂದಿನ ಜಾಗ ಕೊಟ್ಟರೆ ಸಹಿಸ್ತಾರೆ, ಗನ್ ಕೊಟ್ಟರೆ ಉಳಿದವರು ಬಿಡ್ತಾರೆ.

ಮೀನು ಹಿಡಿಯೋ ಕೆಲಸದಲ್ಲಿ ಹಣ ಜಾಸ್ತಿ ಬಂದು ಎಲ್ಲರ ಕೈಲೂ ದುಬಾರಿ ಕಾರು ಆಗಿದ್ರೆ ಒಂದು ಉಪಾಯ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟಿಗೆ ರಜೆ ಇದೆಯಲ್ಲ, 61 ದಿನ, ಸರ್ವರಲ್ಲೂ ಅದರ ನಕಲು ಒಂದು ವಾರ ಮಾಡಿ. ದೋಣಿಗೆ ಬಂದ್, ಗಾಳಕ್ಕೆ ಬಂದ್ ಇಲ್ಲ. ದರ ಇಳಿಸಿದ್ರೆ ಗಲಾಟೆ ಮಾಡುವವರು ಇದಕ್ಕೆ ನಗ್ತಾ ಒಪ್ತಾರೆ.

ಕಡವಾಡದವ

ಎಲ್ಲರಿಗೂ ಧನ್ಯವಾದ. 12 ನಿಯಮದ ಕರಡು ಮಾಡ್ತಿದೇನೆ. ಒಂದನ್ನ ನೋಡಿ ಹೇಳಿ:

“ನಿಯಮ 7: ಆಸ್ಪತ್ರೆ ಸುರಕ್ಷಿತ ವಲಯ. ಇಲ್ಲಿ ಯಾವುದೇ ಹೊಡೆದಾಟ, ಕಳ್ಳತನ, ಅಪಹರಣ ಮಾಡುವಂತಿಲ್ಲ.”

ಘಟ್ಟದ ಮೇಲಿನವ

2 ತೂತು ಇದೆ. ಒಂದು, ಆಸ್ಪತ್ರೆ ಅಂದ್ರೆ ಎಲ್ಲಿವರೆಗೆ? ಪಾರ್ಕಿಂಗ್ ಸೇರ್ತದಾ, ಹೆಲಿಪ್ಯಾಡ್ ಸೇರ್ತದಾ? ಮ್ಯಾಪ್‌ನ ಚಿತ್ರದ ಮೇಲೆ ಕೆಂಪು ಗೆರೆ ಎಳೆದು ನಿಯಮದ ಕೆಳಗೇ ಹಾಕಿ. ಎರಡು, ಬೆನ್ನಟ್ಟಿಸಿಕೊಂಡವನು ಗೆರೆ ದಾಟಿ ಒಳಗೆ ಓಡಿದ್ರೆ? ಹೀಗೇ ಬಿಟ್ಟರೆ ಪೊಲೀಸ್ ಸೈರನ್ ಕೇಳಿದ ಕೂಡಲೇ ಎಲ್ಲರೂ ಆಸ್ಪತ್ರೆ ಕಡೆಗೇ ಗಾಡಿ ತಿರುಗಿಸ್ತಾರೆ. ಸೇರಿಸಿ:

“ಹೊರಗೆ ಶುರುವಾದ ಸೀನ್ ಒಳಗೂ ಮುಂದುವರಿಯುತ್ತದೆ. ತಪ್ಪಿಸಿಕೊಳ್ಳಲು ವಲಯದೊಳಗೆ ಬಂದವರಿಗೆ ರಕ್ಷಣೆ ಇಲ್ಲ, 1 ಅಂಕ. ಚಿಕಿತ್ಸೆಯಲ್ಲಿ ಮಲಗಿರುವವರನ್ನು ಮತ್ತು ಡ್ಯೂಟಿಯಲ್ಲಿರುವ ವೈದ್ಯರನ್ನು ಯಾವ ಸೀನ್‌ಗೂ ಎಳೆಯುವಂತಿಲ್ಲ.”

ಕಡವಾಡದವ

ಪೊಲೀಸರು ಬಂಧಿಸಿ ಚಿಕಿತ್ಸೆಗೆ ಕರೆತಂದವನನ್ನು ಅವನ ಗ್ಯಾಂಗಿನವರು ಬಿಡಿಸೋಕೆ ಬಂದ್ರೆ?

ಘಟ್ಟದ ಮೇಲಿನವ

ಗೆರೆಯ ಹೊರಗೆ ಕಾಯಲಿ. ಆಂಬುಲೆನ್ಸ್ ಅಥವಾ ಪೊಲೀಸ್ ಗಾಡಿ ಗೇಟು ದಾಟಿದ ಮೇಲೆ ಅವರ ಸೀನ್ ಶುರು.